ವಾಟ್ಸನ್ ಹೋಟೆಲಿನ ಕಬ್ಬಿಣ, ನಮ್ಮ ಪ್ಲೈವುಡ್ಡಿನ ಆಫೀಸು

ಮುಂಬಯಿಯ ಕಾಲಾ ಘೋಡಾದಲ್ಲಿ, ಸಿಟಿ ಸಿವಿಲ್ ಕೋರ್ಟಿನ ಮಗ್ಗುಲಲ್ಲೇ ಎಸ್ಪ್ಲನೇಡ್ ಮ್ಯಾನ್ಶನ್ ಎಂಬ ಹಳೇ ಕಟ್ಟಡವಿದೆ. ನಗರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಅದಕ್ಕೆ ಎರಡು-ಎ ದರ್ಜೆ. ಅದರ ಬಗ್ಗೆ ಪೇಪರಿನಲ್ಲಿ ಬಂದಾಗಲೆಲ್ಲ ಮೂರು ಮಾತು ತಪ್ಪದೆ ಇರುತ್ತವೆ. ಒಂದು, ಇದು ಹಿಂದೆ ವಾಟ್ಸನ್ ಹೋಟೆಲ್ ಆಗಿತ್ತು. ಎರಡು, ನಮ್ಮ ದೇಶದಲ್ಲಿ ಮೊದಲು ಸಿನಿಮಾ ತೋರಿಸಿದ್ದು ಇಲ್ಲೇ. ಮೂರು, ಜಮ್‌ಶೆಟ್‌ಜಿ ಟಾಟಾ ಅವರನ್ನು ಇಲ್ಲಿ ಒಳಗೆ ಬಿಡಲಿಲ್ಲ, ಅದಕ್ಕೇ ಅವರು ಹಟ ತೊಟ್ಟು ತಾಜ್ ಹೋಟೆಲ್ ಕಟ್ಟಿದರು. ಮೊದಲಿನ ಎರಡು ಖರೆ. ಮೂರನೆಯದಕ್ಕೆ ಆಧಾರ ತೋರಿಸಿದವರಿಲ್ಲ, ಆದರೆ ಕೇಳಲಿಕ್ಕೆ ಚೆಂದ ಇದೆ ನೋಡಿ, ಹಾಗಾಗಿ ಅದು ಸಾಯುವುದಿಲ್ಲ.

ನಾನು ಆ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ವಕೀಲರ ಹತ್ತಿರ ಟೈಪಿಸ್ಟ್ ಆಗಿದ್ದವನು. ನಮ್ಮದು ಕುಂದಾಪುರದ ಕಡೆ. ಎಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ನಮ್ಮಲ್ಲಿಯ ಹುಡುಗರು ಎಲ್ಲಿಗೆ ಹೋಗುತ್ತಿದ್ದರೋ ಅಲ್ಲಿಗೇ, ಬೊಂಬಾಯಿಗೆ, ಬಸ್ಸು ಹತ್ತಿ ಬಂದೆ. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಬೆಳಿಗ್ಗೆಯಿಂದ ತಟ್ಟೆ ಲೋಟ ತೊಳೆಯುವುದು, ಸಂಜೆ ರಾತ್ರಿಶಾಲೆ, ಆಮೇಲೆ ಟೈಪಿಂಗ್ ಕ್ಲಾಸು. ಟೈಪಿಂಗ್ ಲೋವರ್ ಪಾಸಾದ ಮೇಲೆ ಹೋಟೆಲಿಗೆ ದಿನಾ ಚಾ ಕುಡಿಯಲು ಬರುತ್ತಿದ್ದ ವಕೀಲರೇ ಕರೆದು ಕೆಲಸ ಕೊಟ್ಟರು. ಹಾಗೆ ಒಂದು ಹೋಟೆಲಿನ ಮೋರಿಯಿಂದ ಇನ್ನೊಂದು ಹೋಟೆಲಿನ ಎರಡನೇ ಮಹಡಿಗೆ ಬಡ್ತಿ ಸಿಕ್ಕಿತು. ಅದು ಹಿಂದೆ ಹೋಟೆಲಾಗಿತ್ತು ಎಂಬುದು ನನಗೆ ಆಗ ಗೊತ್ತೇ ಇರಲಿಲ್ಲ. ಕೆಳಗೆ ಇರಾನಿಯವನ ಬನ್ ಮಸ್ಕಾ ಸಿಗುತ್ತದೆ, ಮೇಲೆ ವಕೀಲರು ತುಂಬಿದ್ದಾರೆ, ಇಷ್ಟೇ ಗೊತ್ತು.

ಕಟ್ಟಡ ಎದ್ದ ಕತೆ ಹತ್ತಿಯಿಂದ ಶುರುವಾಗುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು, ಬೊಂಬಾಯಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಊರಿಗೆ ದುಡ್ಡು ಹರಿಯಿತು. ಗವರ್ನರ್ ಬಾರ್ಟಲ್ ಫ್ರೆರ್ ಹಳೇ ಕೋಟೆಯ ಗೋಡೆ ಕೆಡವಿಸಿದ. ಕೋಟೆಯ ಎದುರಿಗೆ, ಫಿರಂಗಿ ಗುಂಡಿಗೆ ಅಡ್ಡಿಯಾಗಬಾರದೆಂದು ಬಯಲಾಗಿಯೇ ಬಿಟ್ಟಿದ್ದ ಎಸ್ಪ್ಲನೇಡ್ ಮೈದಾನದ ಅಂಚನ್ನು ಸೈಟು ಮಾಡಿ ಹರಾಜು ಹಾಕಿದರು. ಕೊಂಡವರಲ್ಲಿ ಒಬ್ಬ ಜಾನ್ ಹಡ್ಸನ್ ವಾಟ್ಸನ್. ಇಂಗ್ಲೆಂಡಿನ ಕಂಬರ್‌ಲ್ಯಾಂಡ್ ಕಡೆಯವ, ಬೊಂಬಾಯಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ. ಮೊದಲು ಅವನ ತಲೆಯಲ್ಲಿ ಇದ್ದದ್ದು ದೊಡ್ಡ ಅಂಗಡಿ, ಮೇಲೆ ವಾಸಕ್ಕೆ ಮನೆ. ಹೋಟೆಲಿನ ವಿಚಾರ ಬಂದದ್ದು ನಂತರ.

ಅವನು ಕಟ್ಟಿಸಿದ್ದಾದರೂ ಹೇಗೆ! ಕಂಬ, ತೊಲೆ, ಬ್ರಾಕೆಟ್ಟು, ಬಾಲ್ಕನಿಯ ಕಟಕಟೆ, ಎಲ್ಲ ಇಂಗ್ಲೆಂಡಿನ ಡರ್ಬಿ ಎಂಬಲ್ಲಿಯ ಫೌಂಡ್ರಿಯಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು, ಇಲ್ಲಿ ಬೋಲ್ಟು ಹಾಕಿ ನಿಲ್ಲಿಸಿದ್ದು. ಕಬ್ಬಿಣವಷ್ಟೇ ಅಲ್ಲ, ಇಟ್ಟಿಗೆ, ಸಿಮೆಂಟು, ನೆಲದ ಹೆಂಚು, ಕಂಬದ ಬುಡದ ಕೆಂಪು ಕಲ್ಲು ಸಹ ಅಲ್ಲಿಂದಲೇ. ಕಲ್ಲು ಬಂದದ್ದು ವಾಟ್ಸನ್ನನ ತವರಿನ ಹತ್ತಿರದ ಪೆನ್ರಿತ್‌ನಿಂದ. ನಮ್ಮೂರಿನವರು ಬೊಂಬಾಯಿಗೆ ಬರುವಾಗ ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಬರುವ ಹಾಗೆ ಈ ಮನುಷ್ಯ ಊರಿನ ಕಲ್ಲನ್ನೇ ಕಟ್ಟಿಕೊಂಡು ಬಂದಿದ್ದ.

ನಕ್ಷೆ ಮಾಡಿದವನು ರೋಲಂಡ್ ಮೇಸನ್ ಆರ್ಡಿಶ್, ಎಂಜಿನಿಯರು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಶನ್ನಿನ ದೊಡ್ಡ ಚಾವಣಿಯಲ್ಲಿ ಅವನ ಕೈಯಿದೆ, ಥೇಮ್ಸ್ ಮೇಲಿನ ಆಲ್ಬರ್ಟ್ ಸೇತುವೆಯೂ ಅವನದೇ. ವಾಟ್ಸನ್ ಹೋಟೆಲಿನ ವಿಶೇಷ ಏನೆಂದರೆ, ಅದರಲ್ಲಿ ಗೋಡೆ ಭಾರ ಹೊರುವುದಿಲ್ಲ. ಭಾರವೆಲ್ಲ ಕಬ್ಬಿಣದ ಚೌಕಟ್ಟಿನ ಮೇಲೆ. ಗೋಡೆ ಎಂದರೆ ಕಂಬದ ನಡುವೆ ತುಂಬಿದ ಇಟ್ಟಿಗೆ, ಅಷ್ಟೇ. ಈಗ ಹೆಚ್ಚಿನ ಬಹುಮಹಡಿ ಕಟ್ಟಡಗಳನ್ನು ಕಟ್ಟುವುದು ಇದೇ ಲೆಕ್ಕದಲ್ಲಿ. ಚಿಕಾಗೋದ ಹೋಮ್ ಇನ್ಶೂರೆನ್ಸ್ ಬಿಲ್ಡಿಂಗನ್ನು ಗಗನಚುಂಬಿಗಳ ಮೂಲಪುರುಷ ಎನ್ನುತ್ತಾರೆ, ಅದು 1885ರದ್ದು. ವಾಟ್ಸನ್ ಹೋಟೆಲು ಬಾಗಿಲು ತೆರೆದದ್ದು 1871ರಲ್ಲಿ. ಕಟ್ಟುತ್ತಿದ್ದಾಗ ನೋಡಿದವರಿಗೆ ಅದು ನೆಲದಿಂದೆದ್ದ ದೈತ್ಯ ಹಕ್ಕಿಗೂಡಿನಂತೆ ಕಂಡಿತ್ತಂತೆ. ನಾವಿದ್ದಾಗ ಆ ಚೌಕಟ್ಟು ಕಾಣುತ್ತಿರಲಿಲ್ಲ ಬಿಡಿ. ವಕೀಲರ ಬೋರ್ಡು, ಏಸಿ ಡಬ್ಬ, ವೈರಿನ ಗಂಟು, ಒಣಗಲು ಹಾಕಿದ ಟವೆಲು, ಇವುಗಳ ಹಿಂದೆ ಎಲ್ಲೋ ಇತ್ತು.

ಸೂಯೆಜ್ ಕಾಲುವೆ 1869ರ ಕೊನೆಗೆ ತೆರೆದದ್ದು ಹೋಟೆಲಿನ ಪುಣ್ಯ. ವಿಲಾಯಿತಿಯಿಂದ ಬರುವ ಹಡಗಿಗೆ ಆಫ್ರಿಕಾ ಸುತ್ತುವ ಕೆಲಸ ತಪ್ಪಿತು, ಬೊಂಬಾಯಿಯೇ ಇಂಡಿಯಾದ ಹೆಬ್ಬಾಗಿಲಾಯಿತು. ಅಪೋಲೋ ಬಂದರಿನಲ್ಲಿ ಇಳಿದವರಿಗೆ ವಾಟ್ಸನ್ ಹೋಟೆಲಿಗೆ ಗಾಡಿಯಲ್ಲಿ ಹೆಚ್ಚು ದೂರವಿಲ್ಲ. ಐದು ಅಂತಸ್ತು, 130 ಕೋಣೆ, ಮಧ್ಯೆ ಗಾಜಿನ ಸೂರಿನ ಹಜಾರ, ಉಗಿಯಿಂದ ನಡೆಯುವ ಲಿಫ್ಟು. ಯುರೋಪಿಯನ್ನರಿಗೆಂದೇ ಇದ್ದ ಜಾಗ. ಬಡಿಸುವ ಹುಡುಗಿಯರನ್ನೂ ಇಂಗ್ಲೆಂಡಿನಿಂದ ಕರೆಸಿದ್ದರು. ಇಷ್ಟೆಲ್ಲ ತರಿಸಿದ ವಾಟ್ಸನ್ ಅಲ್ಲಿಯ ಹವೆಯನ್ನೂ ತರಿಸಿದ್ದರೆ ಚೆನ್ನಾಗಿತ್ತು ಅಂತ ಆಗಿನವರು ತಮಾಷೆ ಮಾಡುತ್ತಿದ್ದರಂತೆ. ವಾಟ್ಸನ್ ಮಾತ್ರ ಇದನ್ನೆಲ್ಲ ಹೆಚ್ಚು ದಿನ ನೋಡಲಿಲ್ಲ.

ಇನ್ನು 1896. ಆ ಒಂದೇ ವರ್ಷದಲ್ಲಿ ಈ ಹೋಟೆಲಿನ ಎರಡು ದೊಡ್ಡ ಕತೆಗಳಿವೆ.

ಜುಲೈ 7ರಂದು, ಸಿನಿಮಾ ಯಂತ್ರ ಮಾಡಿದ ಫ್ರಾನ್ಸಿನ ಲೂಮಿಯೇರ್ ಸಹೋದರರ ಪ್ರತಿನಿಧಿ ಮಾರಿಯುಸ್ ಸೆಸ್ತಿಯೇ ಇಲ್ಲಿ ಆರು ತುಣುಕು ಚಿತ್ರ ತೋರಿಸಿದ. ಅವನು ಹೊರಟದ್ದು ಆಸ್ಟ್ರೇಲಿಯಾಕ್ಕೆ, ಬೊಂಬಾಯಿ ದಾರಿಯಲ್ಲಿ ಸಿಕ್ಕ ಊರು. ಟಿಕೆಟ್ಟು ಒಂದು ರೂಪಾಯಿ. ರೈಲು ಬರುವುದು, ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು, ಸಮುದ್ರದಲ್ಲಿ ಸ್ನಾನ, ಇಂಥವು. ಅವುಗಳ ಪೈಕಿ ಒಂದು, ಗೋಡೆ ಕೆಡವುವ ಚಿತ್ರ. ಜನ ಗೋಡೆ ಬೀಳಿಸುತ್ತಾರೆ, ಧೂಳೇಳುತ್ತದೆ. ಈಗ ಈ ಕಟ್ಟಡವನ್ನೇ ಕೆಡವಬೇಕೋ ಬೇಡವೋ ಎಂಬ ವ್ಯಾಜ್ಯ ನಡೆದಿರುವಾಗ ಆ ಚಿತ್ರ ನೆನಪಾದರೆ ನಗು ಬರುತ್ತದೆ. ಬೊಂಬಾಯಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸಾವೆ ದಾದಾ, ಅಂದರೆ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್, ಈ ಪ್ರದರ್ಶನ ನೋಡಿಯೇ ಹುಚ್ಚು ಹಿಡಿಸಿಕೊಂಡರು ಎನ್ನುತ್ತಾರೆ. 1899ರಲ್ಲಿ ಅವರು ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಕುಸ್ತಿ ಪಂದ್ಯವನ್ನು ಕ್ಯಾಮೆರಾದಲ್ಲಿ ಹಿಡಿದರು.

ಇದನ್ನು ಎಲ್ಲರೂ ಬರೆಯುತ್ತಾರೆ. ನನಗೆ ಹೆಚ್ಚು ಕಾಡುವುದು ಅದೇ ವರ್ಷದ ಜನವರಿಯ ಇನ್ನೊಂದು ಸಂಗತಿ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಬಂದು ಇಳಿದುಕೊಂಡಿದ್ದ. ಅವನು ಬಾಲ್ಕನಿಯ ಕಾಗೆಗಳ ಬಗ್ಗೆ ಬರೆದದ್ದು ಎಲ್ಲರಿಗೂ ಗೊತ್ತು. ಕೋಣೆಗೆ ಹೋದ ಮೆರವಣಿಗೆಯ ಬಗ್ಗೆ ಬರೆದದ್ದನ್ನು ಯಾರೂ ಎತ್ತುವುದಿಲ್ಲ. ಅವನ ಕೈಸಾಮಾನು ಹೊತ್ತು ಹದಿನಾಲ್ಕು ಜನ ಸಾಲಾಗಿ ಮೆಟ್ಟಿಲು ಹತ್ತಿದರು. ಒಬ್ಬೊಬ್ಬನ ಕೈಯಲ್ಲಿ ಒಂದೊಂದೇ ವಸ್ತು. ಒಬ್ಬ ಕೋಟು, ಒಬ್ಬ ಕೊಡೆ, ಒಬ್ಬ ಚುಟ್ಟದ ಪೆಟ್ಟಿಗೆ, ಒಬ್ಬ ಒಂದು ಕಾದಂಬರಿ. ಕೊನೆಯವನ ಕೈಯಲ್ಲಿ ಒಂದು ಬೀಸಣಿಗೆ ಮಾತ್ರ. ಸಾಮಾನು ಇಟ್ಟು ಎಲ್ಲರೂ ಸುಮ್ಮನೆ ನಿಂತರು. ದುಡ್ಡು ಕೈಗೆ ಬಿದ್ದವನು ಹಣೆ ಮುಟ್ಟಿಕೊಂಡು ಹೊರಟ.

ಹೋಟೆಲಿನಲ್ಲಿ ದುಡಿದವನಿಗೆ ಈ ಸಾಲು ಓದಿದರೆ ಬೇರೆಯೇ ಕಾಣುತ್ತದೆ. ಹದಿನಾಲ್ಕು ಜನ ಯಾಕೆ ಬಂದರು? ಸೋಮಾರಿತನಕ್ಕಲ್ಲ. ಸಂಬಳ ಅರ್ಧ ಹೊಟ್ಟೆಗೂ ಸಾಲದಿದ್ದರೆ ಬೀಸಣಿಗೆ ಹಿಡಿದಾದರೂ ಆ ಬಾಗಿಲಿನೊಳಗೆ ಒಂದು ಹೆಜ್ಜೆ ಇಡಬೇಕು, ಆಗಲೇ ಒಂದು ಕಾಸು. ನಮ್ಮ ಹೋಟೆಲಿನಲ್ಲಿ ಬಿಲ್ಲಿನ ತಟ್ಟೆಯ ಬಡಿಸೋಪಿನ ಅಡಿಯಲ್ಲಿ ಉಳಿದ ಚಿಲ್ಲರೆಗೆ ಎಷ್ಟು ಕಣ್ಣುಗಳಿರುತ್ತಿದ್ದವು ಎಂಬುದು ನನಗೆ ಗೊತ್ತು.

ಅದೇ ಕೋಣೆಯಲ್ಲಿ ಆಮೇಲೆ ಇನ್ನೊಂದು ನಡೆಯಿತು. ಬಾಲ್ಕನಿಗೆ ತೆರೆಯುವ ದೊಡ್ಡ ಗಾಜಿನ ಬಾಗಿಲು, ಏನೋ ಸರಿ ಮಾಡಬೇಕಿತ್ತು. ಒಬ್ಬ ಆಳು ಮಂಡಿಯೂರಿ ಕೂತು ಮಾಡುತ್ತಿದ್ದ. ಟ್ವೇನ್ ಜೊತೆ ಮೇಲೆ ಹತ್ತಿ ಬಂದಿದ್ದ ದಾಂಡಿಗ ಜರ್ಮನ್ ದೊರೆಗೆ ಅದು ಹಿಡಿಸಲಿಲ್ಲ. ಏನು ತಪ್ಪು ಅಂತ ಹೇಳುವ ಮೊದಲೇ ಕಪಾಳಕ್ಕೆ ಒಂದು ಬಿಟ್ಟ, ಆಮೇಲೆ ತಪ್ಪು ಎಲ್ಲಿದೆ ಅಂತ ತೋರಿಸಿದ. ಹೊಡೆಸಿಕೊಂಡವನು ತುಟಿ ಬಿಚ್ಚಲಿಲ್ಲ, ಮುಖದಲ್ಲಿ ಸಿಟ್ಟೂ ಇಲ್ಲ. ಟ್ವೇನ್‌ಗೆ ತನ್ನ ಬಾಲ್ಯ ನೆನಪಾಯಿತಂತೆ. ಗುಲಾಮರಿದ್ದ ಮಿಸ್ಸೂರಿಯಲ್ಲಿ ಇಂಥದ್ದನ್ನು ನೋಡಿ ಐವತ್ತು ವರ್ಷವಾಗಿತ್ತು ಎಂದು ಬರೆದಿದ್ದಾನೆ. ಬರೆದ, ಅದು ಅವನ ದೊಡ್ಡಸ್ತಿಕೆ. ಆದರೆ ಬೊಂಬಾಯಿಯಲ್ಲೇ ತಾನು ಕೆಲಸಕ್ಕಿಟ್ಟುಕೊಂಡ ಆಳನ್ನು ಅವನು ಕರೆದದ್ದು ಸೈತಾನ ಎಂದು. ಹೋಟೆಲಿನ ಹುಡುಗರ ಹೆಸರನ್ನು ಯಾರೂ ಕೇಳುವುದಿಲ್ಲ. ನನ್ನನ್ನೂ ಗಲ್ಲಾದಲ್ಲಿ ಕೂರುತ್ತಿದ್ದವರು ಬಹಳ ದಿನ ‘ಏ ಕುಂದಾಪ್ರ’ ಎಂದೇ ಕರೆದರು.

ಆ ಬಾಗಿಲು ಯಾವ ಕೋಣೆಯದು ಅಂತ ನಾನು ಹುಡುಕಿದ್ದೂ ಉಂಟು. ಟ್ವೇನ್ ಕೋಣೆ ಮೇಲಿನ ಅಂತಸ್ತಿನಲ್ಲಿ, ಮುಂಭಾಗದಲ್ಲಿ ಇತ್ತಂತೆ. ಮೇಲೆ ಹತ್ತಿ ನೋಡಿದರೆ ಏನಿದೆ? ಒಂದು ಕೋಣೆ ಮೂರಾಗಿದೆ. ಒಂದರಲ್ಲಿ ನೋಟರಿ, ಒಂದರಲ್ಲಿ ಝೆರಾಕ್ಸ್, ಇನ್ನೊಂದಕ್ಕೆ ಬೀಗ.

ಹೋಟೆಲಿನ ಇಳಿಗಾಲ ಶುರುವಾದದ್ದು ತಾಜ್‌ನಿಂದ. 1903ರ ಡಿಸೆಂಬರಿನಲ್ಲಿ ಅದು ಸಮುದ್ರದ ಎದುರಿಗೇ ತೆರೆಯಿತು. ಟಾಟಾ ಕಟ್ಟಲು ಹೊರಟ ಕಾಲ ಯಾವುದು ನೋಡಿ: 1896ರಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟು ಓಡಿದ್ದರು, ಬೊಂಬಾಯಿ ಕಳೆಗುಂದಿತ್ತು. ಊರಿಗೆ ಮತ್ತೆ ಜನ ಬರಬೇಕು ಎಂಬ ದೊಡ್ಡ ಲೆಕ್ಕ ಹಾಕಿದ ಮನುಷ್ಯನನ್ನು ಬಾಗಿಲಲ್ಲಿ ತಡೆದದ್ದಕ್ಕೆ ಸೇಡು ತೀರಿಸಿಕೊಂಡವನಂತೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹೊಸ ಹೋಟೆಲಿನಲ್ಲಿ ಕರೆಂಟು ದೀಪ, ಕಿಟಕಿ ತೆಗೆದರೆ ಬಂದರು. ಗಿರಾಕಿ ಅತ್ತ ನಡೆದ. ವಾಟ್ಸನ್ ಹೋಟೆಲು ಸೊರಗುತ್ತಾ ಹೋಗಿ ಮುಚ್ಚಿತು, ಕಟ್ಟಡ ಕೈ ಬದಲಾಯಿತು, ಹೆಸರು ಎಸ್ಪ್ಲನೇಡ್ ಮ್ಯಾನ್ಶನ್ ಆಯಿತು, ಕೋಣೆಗಳನ್ನು ಸೀಳಿ ಬಾಡಿಗೆಗೆ ಕೊಟ್ಟರು. ಒಂದು ಕಡೆ ಸೆಶನ್ಸ್ ಕೋರ್ಟು, ನಡೆದು ಹೋಗುವಷ್ಟು ದೂರದಲ್ಲಿ ಹೈಕೋರ್ಟು. ವಕೀಲರು ಬಾರದೆ ಇನ್ಯಾರು ಬರಬೇಕು?

ನಮ್ಮ ಆಫೀಸು ಎಂದರೆ ಹಳೇ ಕೋಣೆಯ ಒಂದು ತುಂಡು. ಎರಡು ಕಡೆ ಪ್ಲೈವುಡ್ಡು, ಒಂದು ಕಡೆ ಇಟ್ಟಿಗೆ ಗೋಡೆ, ಒಂದು ಕಡೆ ಬಾಲ್ಕನಿಯನ್ನು ಮುಚ್ಚಿ ಮಾಡಿದ ಕಪಾಟು. ನನ್ನ ಮೇಜು ಒಂದು ಕಂಬಕ್ಕೆ ತಾಗಿಕೊಂಡಿತ್ತು. ಕಂಬದ ತಲೆಯಲ್ಲಿ ಎಲೆ ಬಳ್ಳಿಯ ಕೆತ್ತನೆ, ಅದರ ಮೇಲೆ ವರ್ಷವರ್ಷವೂ ಬಳಿದ ಆಯಿಲ್ ಪೇಂಟು ದಪ್ಪಗೆ ಕೂತು ಎಲೆಯೂ ಇಲ್ಲ ಬಳ್ಳಿಯೂ ಇಲ್ಲ. ಬುಡದಲ್ಲಿ ಪೇಂಟಿನಡಿ ತುಕ್ಕು ಹಪ್ಪಳಗಟ್ಟಿ ಉಗುರಿನಲ್ಲಿ ಎಬ್ಬಿಸಿದರೆ ಏಳುತ್ತಿತ್ತು. ಮರದ ನೆಲ. ನಾನು ರೆಮಿಂಗ್ಟನ್ ಟೈಪ್‌ರೈಟರಿನ ಕ್ಯಾರೇಜ್ ಎಳೆದಾಗಲೆಲ್ಲ ವಕೀಲ ಸಾಹೇಬರ ಮೇಜಿನ ಮೇಲಿನ ನೀರಿನ ಲೋಟ ನಡುಗುತ್ತಿತ್ತು. ಮಳೆಗಾಲದಲ್ಲಿ ಎಲ್ಲಿಂದ ಸೋರುತ್ತದೆಂದು ಪತ್ತೆಯಾಗುತ್ತಿರಲಿಲ್ಲ. ನೀರು ಚಾವಣಿಯಿಂದ ಇಳಿದು ತೊಲೆ ಹಿಡಿದು ಎಲ್ಲೆಲ್ಲೋ ನಡೆದು ನಮ್ಮ ಫೈಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಜೂನ್ ಬಂತೆಂದರೆ ವಕಾಲತ್ತುಗಳಿಗೆಲ್ಲ ಪ್ಲಾಸ್ಟಿಕ್ಕು ಹೊದಿಸುವುದು ನನ್ನ ಕೆಲಸ.

ಎರಕದ ಕಬ್ಬಿಣದ ಗುಣವೇ ಹಾಗೆ. ಮೇಲಿನಿಂದ ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಬಾಗಿಸಲು ಹೋದರೆ ಮುನ್ಸೂಚನೆ ಕೊಡದೆ ಬಿರಿಯುತ್ತದೆ. ಹೊರಗೆ ಚಾಚಿದ ಬಾಲ್ಕನಿಯ ಕೂಡುಗಳಲ್ಲಿ ನೀರು ನಿಂತು ತುಕ್ಕು ಉಬ್ಬಿದರೆ ಮುಗಿಯಿತು. 2005ರಲ್ಲಿ ಹಾಗೇ ಆಯಿತು, ಬಾಲ್ಕನಿಯ ಒಂದು ಭಾಗ ಕಳಚಿ ಬಿದ್ದು ಒಬ್ಬರ ಪ್ರಾಣ ಹೋಯಿತು. ಮರುವರ್ಷದ ಪಟ್ಟಿಯಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಇದನ್ನು ಜಗತ್ತಿನ ಅಪಾಯದಲ್ಲಿರುವ 100 ತಾಣಗಳಲ್ಲಿ ಒಂದೆಂದು ಸೇರಿಸಿತು. ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಇದರ ಪರವಾಗಿ ಮಾತಾಡಿದ್ದರು.

ಆಗಿನಿಂದ ಕ್ಯಾಮೆರಾ ಹಿಡಿದವರು ಬರತೊಡಗಿದರು. ಒಮ್ಮೆ ಆರ್ಕಿಟೆಕ್ಚರ್ ಓದುವ ಒಬ್ಬ ಹುಡುಗಿ ಬಂದು ನನ್ನ ಕಂಬವನ್ನು ಟೇಪಿನಲ್ಲಿ ಅಳೆಯುತ್ತಿದ್ದಳು. ನನ್ನ ಫೋನಿನ ಮಾತು ಕೇಳಿ, “ಅಂಕಲ್, ನೀವು ಕನ್ನಡದವರ್‍ರಿ?” ಅಂದಳು. ಧಾರವಾಡದವಳಂತೆ.

“ಹೌದು ಮಗಾ, ಕುಂದಾಪುರ. ಚಾ ಕುಡೀತಿಯಾ?”

“ಬ್ಯಾಡ್ರಿ. ಈ ಪಾರ್ಟಿಶನ್ ಎಲ್ಲಾ ಆಮ್ಯಾಲೆ ಹಾಕಿದ್ದಲ್ರಿ? ಇವನ್ನ ತೆಗದ್ರ ಮೂಲ ಹೋಟೆಲ್ ಹೆಂಗಿತ್ತು ಅಂತ ಗೊತ್ತಾಗ್ತದ.”

“ತೆಗಿ ಮಾರಾಯ್ತಿ. ನಾವು ಎಲ್ಲಿ ಕೂತ್ಕೊಳ್ಳೋದು ಅಂತನೂ ನಿನ್ನ ನಕ್ಷೆಯಲ್ಲಿ ಬರ್ಕೊ.”

ಅವಳು ನಕ್ಕಳು, ಬರೆದುಕೊಂಡಳೋ ಇಲ್ಲವೋ ಗೊತ್ತಿಲ್ಲ. ನಾನು ಹೇಳಿದ್ದು ಮಾತ್ರ ತಮಾಷೆಗಲ್ಲ. ಆ ಜಾಗ ಹೋಟೆಲಾಗಿ ಮೆರೆದದ್ದು ಮೂವತ್ತು ಚಿಲ್ಲರೆ ವರ್ಷ. ಬಾಡಿಗೆದಾರರ ಕಟ್ಟಡವಾಗಿ ಬದುಕಿದ್ದು ಅದಕ್ಕಿಂತ ಹೆಚ್ಚು. ಆ ಪ್ಲೈವುಡ್ಡಿನ ಸಂದಿಗಳಲ್ಲಿ ಎಷ್ಟು ಮನೆ ಖಾಲಿ ಮಾಡಿಸುವ ದಾವೆ, ಎಷ್ಟು ವಿಚ್ಛೇದನ, ಎಷ್ಟು ಮುಷ್ಕರದ ಕೇಸು ಟೈಪಾಗಿವೆ! ಪಾರಂಪರಿಕ ಪಟ್ಟಿಗೆ ಅದೆಲ್ಲ ಒತ್ತುವರಿ, ಅದಕ್ಕೆ ಕಾಣುವುದು ವಾಟ್ಸನ್ನನ ಕಬ್ಬಿಣ ಒಂದೇ. ಕಬ್ಬಿಣವೂ ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಉಳಿಸುವವರು ಯಾರು ಎಂಬಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಯಾಕೆಂದರೆ ಲೆಕ್ಕ ಹೀಗಿದೆ. 1947ರ ಬೊಂಬಾಯಿ ಬಾಡಿಗೆ ಕಾಯ್ದೆ ಹಳೇ ಬಾಡಿಗೆಯನ್ನು 1940ರ ಮಟ್ಟಕ್ಕೆ ಗೂಟ ಹೊಡೆದು ನಿಲ್ಲಿಸಿತು. ಯುದ್ಧ ಮುಗಿದ ಕಾಲದಲ್ಲಿ ಬಡವನನ್ನು ಬೀದಿಗೆ ಹಾಕಬಾರದು ಎಂಬ ಒಳ್ಳೇ ಉದ್ದೇಶ. ಹಾಗಾಗಿ ಫೋರ್ಟಿನಂಥ ಜಾಗದಲ್ಲಿ ಆಫೀಸಿನ ತಿಂಗಳ ಬಾಡಿಗೆ ನಮ್ಮ ಚಾದ ಬಿಲ್ಲಿಗಿಂತ ಕಡಿಮೆ ಇತ್ತು. ಒಳಗೆ ಬರುವಾಗ ಕೊಡುವ ಪಗಡಿ ಎಂಬ ಗುಟ್ಟಿನ ದುಡ್ಡು ಮಾತ್ರ ಲಕ್ಷಗಟ್ಟಲೆ, ಅದಕ್ಕೆ ರಸೀದಿ ಇರಲಿಲ್ಲ. ಮಾಲೀಕ ಹೇಳುತ್ತಾನೆ, ಈ ಬಾಡಿಗೆಯಲ್ಲಿ ಸುಣ್ಣ ಹೊಡೆಸಲಿಕ್ಕೂ ಆಗುವುದಿಲ್ಲ. ಬಾಡಿಗೆದಾರ ಹೇಳುತ್ತಾನೆ, ನನ್ನದಲ್ಲದ ಕಟ್ಟಡಕ್ಕೆ ನಾನ್ಯಾಕೆ ದುಡ್ಡು ಹಾಕಲಿ. 1995ರಲ್ಲಿ ಪಾರಂಪರಿಕ ನಿಯಮ ಬಂತು. ಅನುಮತಿ ಇಲ್ಲದೆ ಹೊರಗಿನ ಒಂದು ಬೋಲ್ಟು ಬದಲಿಸುವಂತಿಲ್ಲ ಎಂದಿತು. ಬೋಲ್ಟಿನ ದುಡ್ಡು ಎಲ್ಲಿಂದ ಎಂದು ಹೇಳಲಿಲ್ಲ. ಆರ್ಡಿಶ್‌ನ ಆಲ್ಬರ್ಟ್ ಸೇತುವೆಯೂ ಹಳೇ ಕಬ್ಬಿಣವೇ, ಅದಕ್ಕೆ ಆಗಾಗ ರಿಪೇರಿ ಮಾಡುತ್ತಾರೆ, ಇವತ್ತಿಗೂ ಜನ ಓಡಾಡುತ್ತಾರೆ. ಕಬ್ಬಿಣಕ್ಕೆ ಬೇಕಾದದ್ದು ಪಟ್ಟಿ ಅಲ್ಲ, ತುಕ್ಕು ಕೆರೆದು ಬಣ್ಣ ಹೊಡೆಯುವ ಆಳು.

2019ರ ಮೇ ತಿಂಗಳಿನಲ್ಲಿ ಹೈಕೋರ್ಟು ಎಲ್ಲರೂ ಖಾಲಿ ಮಾಡಬೇಕು ಎಂದಿತು. ನಾನು ಆಗ ಕೆಲಸ ಬಿಟ್ಟಾಗಿತ್ತು, ಆದರೂ ಫೈಲು ಕಟ್ಟಲು ಸಾಹೇಬರ ಮಗ ಕರೆದರು, ಹೋದೆ. ಮೆಟ್ಟಿಲಲ್ಲಿ ಕಪಾಟು ಇಳಿಸುವ ಹಮಾಲರದ್ದೇ ಸಾಲು. ಹೊರಗೆ ಟೆಂಪೋದವರು ಆ ದಿನ ಬಾಯಿಗೆ ಬಂದ ರೇಟು ಕೇಳಿದರು. ಆಮೇಲೆ ಐಐಟಿ ಬೊಂಬಾಯಿಯವರು ಪರೀಕ್ಷೆ ಮಾಡಿ, ರಿಪೇರಿ ಆಗುವ ಸ್ಥಿತಿಯಲ್ಲಿಲ್ಲ, ಕೆಡವುವುದೇ ಲೇಸು ಎಂದು ವರದಿ ಕೊಟ್ಟರು. ಕಟ್ಟಡ ಸಂರಕ್ಷಣೆಯ ಪರಿಣತರು ಅದನ್ನು ಒಪ್ಪಲಿಲ್ಲ. ಚೌಕಟ್ಟು ಉಳಿಸಬಹುದು, ಕೆಟ್ಟ ತುಂಡುಗಳನ್ನು ಬಿಚ್ಚಿ ಹೊಸದು ಹಾಕಬಹುದು ಎಂಬುದು ಅವರ ವಾದ. ನನ್ನ ಓಟು ಅವರಿಗೇ. ಬೋಲ್ಟು ಹಾಕಿ ಕೂಡಿಸಿದ್ದನ್ನು ಬೋಲ್ಟು ಬಿಚ್ಚಿ ಸರಿ ಮಾಡಲು ಬರಬೇಕು. ಕಲ್ಲಿನ ಕಟ್ಟಡಕ್ಕೆ ಆ ಅನುಕೂಲವಿಲ್ಲ.

ಸಾಹೇಬರ ಮಗ ಈಗ ಅಂಧೇರಿಯಲ್ಲಿ ಆಫೀಸು ಮಾಡಿದ್ದಾರೆ. ಎಸ್ಪ್ಲನೇಡ್ ಮ್ಯಾನ್ಶನ್ನಿನ ಬಾಡಿಗೆ ರಸೀದಿಗಳನ್ನು ತಂದೆಯ ಕಾಲದಿಂದ ಒಂದೂ ಬಿಡದೆ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದಾರೆ. ಕಟ್ಟಡ ಉಳಿದರೂ ಸರಿ, ಕೆಡವಿ ಹೊಸದು ಎದ್ದರೂ ಸರಿ, ಎರಡನೇ ಮಹಡಿಯ ಆ ತುಂಡಿನ ಮೇಲೆ ತಮ್ಮ ಹಕ್ಕು ಬಿಡುವುದಿಲ್ಲವಂತೆ. ಹೋದ ತಿಂಗಳು ಫೋನ್ ಮಾಡಿ, ಹಳೇ ರಸೀದಿಗಳ ಒಂದು ಪಟ್ಟಿ ಟೈಪ್ ಮಾಡಿ ಕೊಡಿ ಎಂದರು. ಮಾಡಿ ಕೊಟ್ಟೆ.